ಹಳೆಯ ಡೆಸ್ಕ್‌ಟಾಪ್‌ಗೆ ಬೇರೆ ಪ್ರೊಸೆಸರ್ ಹಾಕಿಸಬೇಕಾ? ದುಡ್ಡು ಬಿಚ್ಚುವ ಮೊದಲು ನೋಡಬೇಕಾದ್ದೆಲ್ಲ

ಮನೆ, ಡಿಟಿಪಿ ಅಂಗಡಿ, ಫೋಟೋ ಸ್ಟುಡಿಯೋ, ಸಣ್ಣ ಆಫೀಸು, ಎಲ್ಲಿ ನೋಡಿದರೂ ಎಂಟು ಹತ್ತು ವರ್ಷದಿಂದ ದುಡಿಯುತ್ತಿರುವ ಅಸೆಂಬಲ್ಡ್ ಕಂಪ್ಯೂಟರ್‌ಗಳಿವೆ. ಅವು ನಿಧಾನವಾದಾಗ ಸಿಗುವ ಮೊದಲ ಸಲಹೆ, "ಪ್ರೊಸೆಸರ್ ಹಳೇದಾಯ್ತು ಸರ್, ಚೇಂಜ್ ಮಾಡಿಸಿಬಿಡಿ." ಕೆಲವೊಮ್ಮೆ ಆ ಮಾತು ಸರಿ ಇರುತ್ತದೆ. ಆದರೆ ಬಹಳಷ್ಟು ಸಲ ತೊಂದರೆ ಇರುವುದೇ ಬೇರೆ ಕಡೆ. ಪ್ರೊಸೆಸರ್ ಬದಲಾದರೂ ಕಂಪ್ಯೂಟರ್ ಮಾತ್ರ ಹಾಗೇ ತೆವಳುತ್ತಿರುತ್ತದೆ.

ಯಾವ ಪ್ರೊಸೆಸರ್ ಒಳ್ಳೆಯದು ಎಂದು ಹೇಳುವ ವಿಡಿಯೋಗಳು ಬೇಕಾದಷ್ಟಿವೆ. ನಿಮ್ಮ ಕೆಲಸಕ್ಕೆ, ನಿಮ್ಮ ಬೋರ್ಡ್‌ಗೆ (ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡ್‌ಗೆ), ನಿಮ್ಮ ಜೇಬಿಗೆ ಅದು ಹೊಂದುತ್ತದಾ ಎನ್ನುವುದನ್ನು ಮಾತ್ರ ನೀವೇ ಅಳೆದು ನೋಡಬೇಕು. ಅದಕ್ಕೆ ಒಂದು ಸಂಜೆ ಸಾಕು, ಖರ್ಚೂ ಇಲ್ಲ. ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಮಾಡಿ. ಮಧ್ಯದಲ್ಲೇ ಉತ್ತರ ಸಿಕ್ಕರೆ ಅಲ್ಲಿಗೇ ನಿಲ್ಲಿಸಬಹುದು.

1. ಯಾವ ಕೆಲಸ ನಿಧಾನ ಎಂದು ಬರೆದುಕೊಳ್ಳಿ

"ಕಂಪ್ಯೂಟರ್ ಸ್ಲೋ" ಎಂದರೆ ಏನೂ ಹೇಳಿದ ಹಾಗಾಗಲಿಲ್ಲ. ಬಟನ್ ಒತ್ತಿದ ಮೇಲೆ ಡೆಸ್ಕ್‌ಟಾಪ್ ಬಂದು ಬ್ರೌಸರ್ ತೆರೆಯುವವರೆಗೆ ಎಷ್ಟು ಹೊತ್ತು? ಫೋಟೋಶಾಪ್‌ನಲ್ಲಿ ಮದುವೆ ಆಲ್ಬಮ್ಮಿನ ಹಾಳೆಗಳನ್ನು ಜೆಪೆಗ್ ಮಾಡಲು ಎಷ್ಟು? ಟ್ಯಾಲಿಯಲ್ಲಿ ವರ್ಷದ ರಿಪೋರ್ಟ್ ತೆಗೆಯಲು ಎಷ್ಟು? ಹತ್ತು ಟ್ಯಾಬ್ ತೆರೆದಾಗ ಟೈಪ್ ಮಾಡಿದ ಅಕ್ಷರ ತಡವಾಗಿ ಬೀಳುತ್ತದಾ?

ನಿಮಗೆ ದಿನಾ ಕಾಟ ಕೊಡುವ ಮೂರು ನಾಲ್ಕು ಕೆಲಸ ಆರಿಸಿ, ಮೊಬೈಲ್‌ನ ಸ್ಟಾಪ್‌ವಾಚ್ ಹಿಡಿದು ಸಮಯ ಬರೆದಿಡಿ. ಒಂದೊಂದನ್ನೂ ಎರಡೆರಡು ಸಲ ಮಾಡಿ. ಈ ಚೀಟಿ ಕೊನೆಯವರೆಗೂ ಬೇಕಾಗುತ್ತದೆ, ಕಳೆದುಕೊಳ್ಳಬೇಡಿ.

2. ಆ ಕೆಲಸ ನಡೆಯುವಾಗ ಯಾವ ಭಾಗ ಸುಸ್ತಾಗುತ್ತಿದೆ ನೋಡಿ

ಇಡೀ ನಿರ್ಧಾರದ ಜೀವ ಇಲ್ಲಿದೆ, ಹಾಗಾಗಿ ಇಲ್ಲಿ ಅವಸರ ಬೇಡ.

ಕಂಪ್ಯೂಟರ್ ಆನ್ ಮಾಡಿ ಹತ್ತು ನಿಮಿಷ ಸುಮ್ನೆ ಬಿಡಿ. ಆನ್ ಆದ ತಕ್ಷಣ ವಿಂಡೋಸ್ ಅಪ್‌ಡೇಟ್, ಆಂಟಿವೈರಸ್ ಎಲ್ಲ ಹಿಂದೆ ಓಡುತ್ತಿರುತ್ತವೆ. ಆಗ ನೋಡಿದ ಅಂಕಿ ದಾರಿ ತಪ್ಪಿಸುತ್ತದೆ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ. ಅದನ್ನು ತೆರೆದಿಟ್ಟುಕೊಂಡೇ ಚೀಟಿಯಲ್ಲಿರುವ ಕೆಲಸ ಶುರು ಮಾಡಿ.

ಡಿಸ್ಕ್ 100% ಮುಟ್ಟಿ ಅಲ್ಲೇ ಕೂತಿದ್ದರೆ, ಸಿಪಿಯು (ಅಂದರೆ ಪ್ರೊಸೆಸರ್) 20–30%ರಲ್ಲಿ ಆಡುತ್ತಿದ್ದರೆ, ಪ್ರೊಸೆಸರ್ ಕೆಲಸವಿಲ್ಲದೆ ಕಾಯುತ್ತಿದೆ ಎಂದರ್ಥ. ಹಾರ್ಡ್ ಡಿಸ್ಕ್ ಇರುವ ಹಳೆಯ ಕಂಪ್ಯೂಟರ್‌ಗಳಲ್ಲಿ ಅತಿ ಹೆಚ್ಚು ಕಾಣುವ ದೃಶ್ಯ ಇದು. ಇಲ್ಲಿ ಎಷ್ಟೇ ದೊಡ್ಡ ಪ್ರೊಸೆಸರ್ ತಂದು ಕೂರಿಸಿದರೂ ಅದೂ ಕಾಯುತ್ತಾ ಕೂರುತ್ತದೆ.

ಮೆಮೊರಿ 85–90% ದಾಟಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ವಿಂಡೋಸ್ ಆಗ ರ‍್ಯಾಮ್‌ನಲ್ಲಿ ಇರಬೇಕಾದ್ದನ್ನು ಡಿಸ್ಕಿಗೆ ಬರೆದು ಮತ್ತೆ ಓದುತ್ತಿರುತ್ತದೆ, ಅದರಿಂದ ಡಿಸ್ಕ್ ಕೂಡ 100% ಆಗುತ್ತದೆ. ಎರಡೂ ಒಟ್ಟಿಗೆ ಕಂಡರೆ ಮೂಲ ಕಾರಣ ರ‍್ಯಾಮ್ ಇರಬಹುದು. 4 ಜಿಬಿ ರ‍್ಯಾಮ್ ಇರುವ ಕಂಪ್ಯೂಟರ್‌ನಲ್ಲಿ ಇವತ್ತಿನ ಬ್ರೌಸರ್ ಓಡಿಸಿದರೆ ಹೀಗಾಗುವುದು ಸಹಜ.

ಸಿಪಿಯು ಸಾಲಿನಲ್ಲಿ ಒಂದು ಮೋಸ ಇದೆ. ಪ್ರೊಸೆಸರ್‌ನೊಳಗೆ ಬಿಡಿಬಿಡಿಯಾಗಿ ಕೆಲಸ ಮಾಡುವ ಘಟಕವೇ ಕೋರ್, ಒಂದು ಕೋರ್ ಒಟ್ಟಿಗೆ ಹಿಡಿಯಬಲ್ಲ ಕೆಲಸದ ಎಳೆಯೇ ಥ್ರೆಡ್. ಅಲ್ಲಿ ಕಾಣುವ ಶೇಕಡಾವಾರು ಎಲ್ಲ ಕೋರ್‌ಗಳ ಸರಾಸರಿ. ನಾಲ್ಕು ಕೋರ್, ನಾಲ್ಕು ಥ್ರೆಡ್ ಇರುವ ಪ್ರೊಸೆಸರ್‌ನಲ್ಲಿ ಒಂದು ಪ್ರೋಗ್ರಾಂ ಒಂದೇ ಕೋರ್ ಬಳಸುತ್ತಿದ್ದರೆ ಒಟ್ಟು ಅಂಕಿ 25%ರ ಆಸುಪಾಸು ನಿಂತಿರುತ್ತದೆ. ಎಂಟು ಥ್ರೆಡ್ ಇದ್ದರೆ 12–13%. ನೋಡಿದವರು "ಸಿಪಿಯು ಖಾಲಿ ಇದೆ" ಅಂದುಕೊಳ್ಳುತ್ತಾರೆ, ಆದರೆ ಆ ಒಂದು ಕೋರ್ ಪೂರ್ತಿ ದಣಿದಿರುತ್ತದೆ. ಇದನ್ನು ಹಿಡಿಯಲು ಗ್ರಾಫ್ ಮೇಲೆ ಬಲ ಕ್ಲಿಕ್ ಮಾಡಿ, ಚೇಂಜ್ ಗ್ರಾಫ್ ಟು ಎಂಬಲ್ಲಿ ಲಾಜಿಕಲ್ ಪ್ರೊಸೆಸರ್ಸ್ ಆರಿಸಿ. ಒಂದೊಂದಕ್ಕೂ ಬೇರೆ ಚೌಕ ಬರುತ್ತದೆ. ವಿಂಡೋಸ್ ಕೆಲಸವನ್ನು ಒಂದು ಕೋರ್‌ನಿಂದ ಇನ್ನೊಂದಕ್ಕೆ ಆಗಾಗ ಎತ್ತಿ ಹಾಕುತ್ತದೆ, ಹಾಗಾಗಿ ಒಂದೇ ಚೌಕ ತುಂಬಿ ಕಾಣದೆಯೂ ಇರಬಹುದು. ಒಟ್ಟು ಅಂಕಿ 25% ಅಥವಾ 12.5%ಕ್ಕೆ ಅಂಟಿಕೊಂಡಂತೆ ನಿಂತಿದ್ದರೆ ಅದೇ ಸುಳಿವು.

ಈ ಎರಡು ಬಗೆಯ ಸುಸ್ತಿಗೆ ಮದ್ದು ಬೇರೆ ಬೇರೆ. ಎಲ್ಲ ಚೌಕವೂ ತುಂಬಿದ್ದರೆ ಜಾಸ್ತಿ ಕೋರ್ ಇರುವ ಪ್ರೊಸೆಸರ್ ಬೇಕು. ಒಂದೇ ಕೋರ್ ದಣಿದಿದ್ದರೆ ಎಷ್ಟು ಕೋರ್ ಸೇರಿಸಿದರೂ ಪ್ರಯೋಜನವಿಲ್ಲ, ಒಂದೊಂದು ಕೋರೂ ವೇಗವಾಗಿರುವ ಹೊಸ ತಲೆಮಾರಿನ ಪ್ರೊಸೆಸರ್ ಬೇಕು.

ಅದೇ ಪುಟದಲ್ಲಿ ಸ್ಪೀಡ್ ಮತ್ತು ಬೇಸ್ ಸ್ಪೀಡ್ ಎಂಬ ಎರಡು ಅಂಕಿಗಳಿವೆ. ಭಾರಿ ಕೆಲಸದ ನಡುವೆ ಸ್ಪೀಡ್, ಬೇಸ್ ಸ್ಪೀಡ್‌ಗಿಂತ ಬಹಳ ಕೆಳಗೆ ಬಿದ್ದಿದ್ದರೆ ಪ್ರೊಸೆಸರ್ ಬಿಸಿಯಾಗಿ ತನ್ನ ವೇಗವನ್ನು ತಾನೇ ಇಳಿಸಿಕೊಂಡಿರಬಹುದು. ಇಲ್ಲವೇ ಪವರ್ ಪ್ಲಾನ್ ಪವರ್ ಸೇವರ್‌ನಲ್ಲಿ ಇರಬಹುದು. ಎರಡನ್ನೂ ಹೆಚ್ಚು ಖರ್ಚಿಲ್ಲದೆ ಸರಿ ಮಾಡಬಹುದು.

ಗೇಮ್ ಆಡುವವರಿಗೆ ಇನ್ನೂ ಸುಲಭದ ಪರೀಕ್ಷೆ ಇದೆ. ಗೇಮ್‌ನ ರೆಸಲ್ಯೂಶನ್ ಇಳಿಸಿ ನೋಡಿ. ಫ್ರೇಮ್‌ಗಳು ಜಾಸ್ತಿಯಾದರೆ ಗ್ರಾಫಿಕ್ಸ್ ಕಾರ್ಡ್ ಸಾಲುತ್ತಿರಲಿಲ್ಲ. ರೆಸಲ್ಯೂಶನ್ ಇಳಿಸಿದರೂ ಫ್ರೇಮ್ ಅಷ್ಟೇ ಇದ್ದರೆ ತಡೆಯುತ್ತಿರುವುದು ಪ್ರೊಸೆಸರ್.

3. ಕಡಿಮೆ ಖರ್ಚಿನ ರಿಪೇರಿ ಮೊದಲು

ಕ್ಯಾಬಿನೆಟ್ ಬಿಚ್ಚಿ ಧೂಳು ತೆಗೆಯಿರಿ. ಹೀಟ್‌ಸಿಂಕ್‌ನ (ಪ್ರೊಸೆಸರ್‌ನ ಬಿಸಿ ಹೀರುವ ಲೋಹದ ತುಂಡಿನ) ಎಲೆಗಳ ನಡುವೆ ಧೂಳು ಕಂಬಳಿಯಂತೆ ಗಟ್ಟಿಯಾಗಿ ಕೂತಿರುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನನ್ನು ಬೆರಳಿನಿಂದ ತಡೆದುಕೊಳ್ಳಿ, ಗಿರ್ರನೆ ತಿರುಗಲು ಬಿಡಬೇಡಿ. ಐದಾರು ವರ್ಷ ಥರ್ಮಲ್ ಪೇಸ್ಟ್ (ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವೆ ಹಚ್ಚುವ ಲೇಪ) ಬದಲಿಸಿಲ್ಲ ಅಂದರೆ ಅದು ಒಣಗಿ ಪುಡಿಯಾಗಿರುತ್ತದೆ. ಹಳೆಯದನ್ನು ಒರೆಸಿ ಹೊಸದು ಹಾಕಿ. ಎಚ್‌ಡಬ್ಲ್ಯೂಇನ್ಫೋ ಅಥವಾ ಕೋರ್ ಟೆಂಪ್ ತಂತ್ರಾಂಶದಲ್ಲಿ ಮೊದಲು ಎಷ್ಟು ಬಿಸಿ ಇತ್ತು, ಆಮೇಲೆ ಎಷ್ಟಾಯಿತು ನೋಡಿ. ಕೆಲಸ ಮಾಡುವಾಗ 95–100 ಡಿಗ್ರಿ ಮುಟ್ಟುತ್ತಿದ್ದ ಪ್ರೊಸೆಸರ್ 70ಕ್ಕೆ ಇಳಿದರೆ, ಅದೇ ಪ್ರೊಸೆಸರ್ ತನ್ನ ಪೂರ್ತಿ ವೇಗಕ್ಕೆ ವಾಪಸ್ ಬರುತ್ತದೆ.

ಹಾರ್ಡ್ ಡಿಸ್ಕಿನಲ್ಲೇ ವಿಂಡೋಸ್ ಇದ್ದರೆ ಬೇರೆ ಯೋಚನೆಯೇ ಬೇಡ, ಮೊದಲು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಫೈಲ್ ಇಡುವ ವೇಗದ ಡ್ರೈವ್. ನನ್ನ ಅನುಭವದಲ್ಲಿ ಹಳೆಯ ಕಂಪ್ಯೂಟರ್‌ಗೆ ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿಲ್ಲ. ಎಚ್61 ಚಿಪ್‌ಸೆಟ್ (ಬೋರ್ಡ್‌ನ ಭಾಗಗಳನ್ನು ನಡೆಸುವ ಮುಖ್ಯ ಚಿಪ್) ಇರುವ ಹಳೆಯ ಬೋರ್ಡ್‌ಗಳಲ್ಲಿ ಸಾಟಾ (ಡ್ರೈವ್ ಜೋಡಿಸುವ ಕೇಬಲ್ ದಾರಿ) ವೇಗ ಸೆಕೆಂಡಿಗೆ 3 ಗಿಗಾಬಿಟ್ ಮಾತ್ರ, ಅಂದರೆ ಎಸ್‌ಎಸ್‌ಡಿಯ ಗರಿಷ್ಠ ವೇಗದಲ್ಲಿ ಹತ್ತಿರ ಹತ್ತಿರ ಅರ್ಧ ಸಿಗುತ್ತದೆ. ಅದಕ್ಕೆ ಹಿಂದೇಟು ಹಾಕಬೇಡಿ. ದಿನದ ಬಳಕೆಯಲ್ಲಿ ಲೆಕ್ಕಕ್ಕೆ ಬರುವುದು ಸಣ್ಣ ಸಣ್ಣ ಫೈಲ್‌ಗಳನ್ನು ಅಲ್ಲಿಂದ ಇಲ್ಲಿಂದ ಹೆಕ್ಕುವ ವೇಗ, ಅದರಲ್ಲಿ ಹಾರ್ಡ್ ಡಿಸ್ಕ್ ಹತ್ತಿರಕ್ಕೂ ಬರುವುದಿಲ್ಲ. ಇಂಥ ಬೋರ್ಡ್‌ಗೆ ಎನ್‌ವಿಎಂಇ ಡ್ರೈವ್ (ಬೋರ್ಡ್‌ಗೇ ನೇರ ಕೂರಿಸುವ ಹೊಸ ಬಗೆಯ ಎಸ್‌ಎಸ್‌ಡಿ) ಮಾತ್ರ ಕೊಳ್ಳಬೇಡಿ, ಸಾಮಾನ್ಯ 2.5 ಇಂಚಿನ ಸಾಟಾ ಡ್ರೈವ್ ಸಾಕು.

ರ‍್ಯಾಮ್ 8 ಜಿಬಿಗಿಂತ ಕಡಿಮೆ ಇದ್ದರೆ ಅದನ್ನೂ ಏರಿಸಿ. ಒಂದೇ ಕಡ್ಡಿ ಇದ್ದರೆ ಅದೇ ಅಳತೆಯ ಇನ್ನೊಂದು ಸೇರಿಸಿದಾಗ ಡ್ಯುಯಲ್ ಚಾನೆಲ್ ಆಗುತ್ತದೆ, ಅಂದರೆ ಎರಡೂ ಕಡ್ಡಿಗಳನ್ನು ಒಟ್ಟಿಗೆ ಓದಬಹುದು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್‌ಗಳಲ್ಲಿ ಇದರ ಲಾಭ ಕಣ್ಣಿಗೆ ಕಾಣುತ್ತದೆ.

ಇಷ್ಟು ಮಾಡಿ ಮತ್ತೆ ಸ್ಟಾಪ್‌ವಾಚ್ ಹಿಡಿಯಿರಿ. ಟೈಪಿಂಗ್, ಬಿಲ್ಲಿಂಗ್, ಯೂಟ್ಯೂಬ್, ಸೇವಾ ಸಿಂಧು ಅರ್ಜಿ, ಆನ್‌ಲೈನ್ ಕ್ಲಾಸ್, ಇಷ್ಟೇ ಕೆಲಸ ಇರುವವರಲ್ಲಿ ಹೆಚ್ಚಿನವರಿಗೆ ಉತ್ತರ ಇಲ್ಲೇ ಸಿಕ್ಕಿರುತ್ತದೆ.

4. ಬೋರ್ಡ್ ಏನನ್ನು ಒಪ್ಪುತ್ತದೆ?

ಇಷ್ಟಾದರೂ ಸಿಪಿಯು 100% ಮುಟ್ಟುತ್ತಿದೆ, ಕೆಲಸ ನಿಲ್ಲುತ್ತಿದೆ ಅಂದರೆ ಮುಂದೆ ಹೋಗೋಣ. ಸಿಪಿಯು-ಝಡ್ ಎಂಬ ಪುಟ್ಟ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಪ್ರೊಸೆಸರ್ ಹೆಸರು, ಸಾಕೆಟ್ (ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ), ಮದರ್‌ಬೋರ್ಡ್ ಮಾಡೆಲ್, ಚಿಪ್‌ಸೆಟ್, ಬಯಾಸ್ (ಆನ್ ಆದ ಕೂಡಲೇ ಮೊದಲು ಓಡುವ, ಬೋರ್ಡ್‌ನೊಳಗಿನ ತಂತ್ರಾಂಶ) ಆವೃತ್ತಿ, ಐದನ್ನೂ ಬರೆದುಕೊಳ್ಳಿ.

ಇಂಟೆಲ್ ಕಥೆ ಹೀಗಿದೆ. 775 ಪಿನ್ನಿನ ಸಾಕೆಟ್‌ನಲ್ಲಿ ಕೋರ್ 2 ಡ್ಯುಯೋ, ಕೋರ್ 2 ಕ್ವಾಡ್ ಕೂರುತ್ತಿದ್ದವು. 1155ರಲ್ಲಿ ಎರಡನೇ ಮತ್ತು ಮೂರನೇ ಜನರೇಷನ್. 1150ರಲ್ಲಿ ಮುಖ್ಯವಾಗಿ ನಾಲ್ಕನೆಯದು. 1151ರಲ್ಲಿ ಆರು ಮತ್ತು ಏಳು. 1200ರಲ್ಲಿ ಹತ್ತು ಮತ್ತು ಹನ್ನೊಂದು. 1700ರಲ್ಲಿ ಹನ್ನೆರಡರಿಂದ ಹದಿನಾಲ್ಕು. ಎಂಟು ಮತ್ತು ಒಂಬತ್ತನೇ ಜನರೇಷನ್ನಿನ ಹತ್ತಿರ ಬಹಳ ಜನ ಎಡವುತ್ತಾರೆ. ಅವುಗಳ ಸಾಕೆಟ್ ಹೆಸರೂ 1151, ಅಳತೆಯೂ ಒಂದೇ, ಆದರೆ ಅವಕ್ಕೆ 300 ಸರಣಿಯ ಚಿಪ್‌ಸೆಟ್ ಬೇಕು. ಎಚ್110 ಬೋರ್ಡ್‌ನಲ್ಲಿ ಐ3-8100 ಓಡುವುದಿಲ್ಲ. "ಸಾಕೆಟ್ ಒಂದೇ ಅಲ್ವಾ" ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನೊಂದು ಪ್ರೊಸೆಸರ್ ಕಂಪನಿಯಾದ ಎಎಂಡಿಯವರು ಬೇರೆ ದಾರಿ ಹಿಡಿದರು. 2017ರಲ್ಲಿ ಅವರ ಮೊದಲ ರೈಜೆನ್ ಪ್ರೊಸೆಸರ್ ಬಂದ ಎಎಂ4 ಸಾಕೆಟ್‌ನಲ್ಲೇ ರೈಜೆನ್ 5000 ಸರಣಿಯವರೆಗೆ ಎಲ್ಲವೂ ಬಂದವು. 2022ರಿಂದ ಎ320, ಬಿ350ಯಂಥ ಮೊದಲ ತಲೆಮಾರಿನ ಬೋರ್ಡ್‌ಗಳಿಗೂ ರೈಜೆನ್ 5000 ಬೆಂಬಲಿಸುವ ಬಯಾಸ್ ಬರತೊಡಗಿತು. ಹಳೆಯ ಡೆಸ್ಕ್‌ಟಾಪ್‌ನಲ್ಲಿ ಪ್ರೊಸೆಸರ್ ಒಂದನ್ನೇ ಬದಲಿಸಿ ನಿಜವಾಗಿ ಹೊಸ ಜೀವ ಕೊಡಬಹುದಾದ ದೊಡ್ಡ ಅವಕಾಶ ಇರುವುದು ಎಎಂ4 ಬೋರ್ಡ್ ಇಟ್ಟುಕೊಂಡವರಿಗೇ. ಆದರೆ ಎಲ್ಲ ಬೋರ್ಡ್‌ಗೂ ಹೊಸ ಬಯಾಸ್ ಬಂದಿದೆ ಅಂತಲ್ಲ. ಕೆಲವು ಬೋರ್ಡ್‌ಗಳಲ್ಲಿ ಹೊಸ ಬಯಾಸ್ ಹಾಕಿದರೆ ತೀರ ಹಳೆಯ ಚಿಪ್‌ಗಳ ಬೆಂಬಲ ಹೋಗುತ್ತದೆ. ಕೆಲವಕ್ಕೆ ನಡುವಿನ ಒಂದು ಆವೃತ್ತಿ ಹಾಕಿಯೇ ಮುಂದಿನದಕ್ಕೆ ಹೋಗಬೇಕು.

ಕೊನೆಯ ಮಾತು ಹೇಳಬೇಕಾದ್ದು ಬೋರ್ಡ್ ತಯಾರಕರ ವೆಬ್‌ಸೈಟ್‌ನಲ್ಲಿರುವ ಸಿಪಿಯು ಸಪೋರ್ಟ್ ಪಟ್ಟಿ. ನಿಮ್ಮ ಬೋರ್ಡ್‌ನ ಹೆಸರು, ಅದರ ಮೇಲೆ ಅಚ್ಚಾದ ರಿವಿಷನ್ ಸಂಖ್ಯೆ, ಎರಡನ್ನೂ ಹೊಂದಿಸಿ ನೋಡಿ. ಪಟ್ಟಿಯಲ್ಲಿ ಪ್ರೊಸೆಸರ್ ಹೆಸರಿನ ಎದುರು ಕನಿಷ್ಠ ಯಾವ ಬಯಾಸ್ ಬೇಕು ಎಂದೂ ಇರುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದ ಪ್ರೊಸೆಸರ್‌ಗೆ ದುಡ್ಡು ಕೊಡಬೇಡಿ.

ದೊಡ್ಡ ಕಂಪನಿಗಳ ಬ್ರ್ಯಾಂಡೆಡ್ ಡೆಸ್ಕ್‌ಟಾಪ್ ಆಗಿದ್ದರೆ ಇನ್ನೂ ಎಚ್ಚರ ಬೇಕು. ಅವುಗಳ ಬೋರ್ಡ್, ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೂ ಕರೆಂಟ್ ಕೊಡುವ ಪೆಟ್ಟಿಗೆ), ಕೂಲರ್ ಎಷ್ಟೋ ಸಲ ಅವರದ್ದೇ ಅಳತೆಯವು. ಅದೇ ಮಾಡೆಲ್‌ನ ಡಬ್ಬಿಯಲ್ಲಿ ಕಂಪನಿಯೇ ಮಾರಿದ್ದ ಅತಿ ದೊಡ್ಡ ಪ್ರೊಸೆಸರ್ ಯಾವುದೋ ಅಲ್ಲಿಗೆ ನಿಲ್ಲುವುದು ಒಳ್ಳೆಯದು.

5. ವಿಂಡೋಸ್ 11ರ ಗೆರೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರಿದ ಮನೆ ಬಳಕೆದಾರರಿಗೂ 2026ರ ಅಕ್ಟೋಬರ್ ಮಧ್ಯದವರೆಗೆ ಮಾತ್ರ ಎಂದು ಮೈಕ್ರೋಸಾಫ್ಟ್ ಗಡುವು ಹಾಕಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 (ಭದ್ರತೆಯ ಕೀಲಿಗಳನ್ನು ಕಾಯುವ ವ್ಯವಸ್ಥೆ) ಬೇಕು, ಮತ್ತು ಹೆಚ್ಚುಕಡಿಮೆ ಇಂಟೆಲ್ ಎಂಟನೇ ಜನರೇಷನ್ ಅಥವಾ ರೈಜೆನ್ 2000 ಸರಣಿಯಿಂದ ಮೇಲಿನ ಪ್ರೊಸೆಸರ್ ಬೇಕು. ರೈಜೆನ್ 2000ದಲ್ಲೂ ಒಂದು ವಿನಾಯಿತಿ ಇದೆ. 2200ಜಿ, 2400ಜಿ ಎರಡೂ ಹೆಸರಿಗೆ 2000 ಆದರೂ ಒಳಗಿನ ವಿನ್ಯಾಸ ಮೊದಲ ತಲೆಮಾರಿನದು, ಅಧಿಕೃತ ಪಟ್ಟಿಯಲ್ಲಿ ಅವಿಲ್ಲ.

ಈ ಗೆರೆ ನಿಮ್ಮ ನಿರ್ಧಾರವನ್ನು ಅರ್ಧಕ್ಕರ್ಧ ಸುಲಭ ಮಾಡುತ್ತದೆ. 1155, 1150, ಆರು–ಏಳನೇ ಜನರೇಷನ್ನಿನ 1151 ಬೋರ್ಡ್‌ಗಳಲ್ಲಿ ನೀವು ಯಾವ ಪ್ರೊಸೆಸರ್ ಹಾಕಿದರೂ ಗೆರೆಯ ಈಚೆಗೇ ಉಳಿಯುತ್ತೀರಿ. ಎಎಂ4 ಬೋರ್ಡ್‌ನಲ್ಲಿ ರೈಜೆನ್ 5 1600 ತೆಗೆದು 5600 ಹಾಕಿದರೆ, ಬಯಾಸ್‌ನಲ್ಲಿ ಎಫ್‌ಟಿಪಿಎಂ (ಪ್ರೊಸೆಸರ್ ಒಳಗಿನ ಟಿಪಿಎಂ) ಆನ್ ಮಾಡಿದರೆ, ಗೆರೆ ದಾಟುತ್ತೀರಿ. ಅದೇ ಬೋರ್ಡ್, ಅದೇ ರ‍್ಯಾಮ್.

ಗೆರೆಯ ಈಚೆ ಇರುವ ಕಂಪ್ಯೂಟರ್‌ಗೆ ಬೆಲೆಯೇ ಇಲ್ಲ ಅಂತಲ್ಲ. ಅದರಲ್ಲಿ ಲಿನಕ್ಸ್ ಚೆನ್ನಾಗಿ ಓಡುತ್ತದೆ, ಐಬಸ್ ಎಂಬ ತಂತ್ರಾಂಶದ ಮೂಲಕ ಕನ್ನಡ ಟೈಪಿಂಗೂ ಸಲೀಸು. ಇಂಟರ್ನೆಟ್ಟಿಗೆ ಸೇರಿಸದೆ ಆಲ್ಬಮ್ ಡಿಸೈನಿಗೆ ಮಾತ್ರ ಇಟ್ಟುಕೊಂಡ ಕಂಪ್ಯೂಟರ್ ಆದರೆ ವಿಂಡೋಸ್ 10ರಲ್ಲೇ ದುಡಿಸಬಹುದು. ಆದರೆ ಬ್ಯಾಂಕ್ ವ್ಯವಹಾರ, ಜಿಎಸ್‌ಟಿ ಫೈಲಿಂಗ್ ಮಾಡುವ ಯಂತ್ರಕ್ಕೆ ಭದ್ರತಾ ಅಪ್‌ಡೇಟ್ ಇಲ್ಲದ ವಿಂಡೋಸ್ ಬೇಡವೇ ಬೇಡ. ಅಂಥ ಕಡೆ ಹಳೆಯ ಬೋರ್ಡಿಗೆ ದೊಡ್ಡ ದುಡ್ಡು ಸುರಿಯುವುದು ನನ್ನ ಪ್ರಕಾರ ಸರಿಯಲ್ಲ.

6. ಎಷ್ಟು ಲಾಭ ಆಗುತ್ತದೆ, ಲೆಕ್ಕ ಹಾಕಿ

ಕೆಲವು ನಿಜವಾದ ಜೋಡಿಗಳನ್ನು ನೋಡೋಣ.

ಐ3-2120 ಎರಡು ಕೋರ್, ನಾಲ್ಕು ಥ್ರೆಡ್, 3.3 ಗಿಗಾಹರ್ಟ್ಸ್. ಅದೇ ಎಚ್61 ಬೋರ್ಡ್‌ಗೆ ಐ5-3470 ಹಾಕಿದರೆ ನಾಲ್ಕು ನಿಜವಾದ ಕೋರ್ ಸಿಗುತ್ತವೆ, ವೇಗ 3.6ರವರೆಗೆ ಏರುತ್ತದೆ. ಎಲ್ಲ ಕೋರ್ ಬಳಸುವ ವಿಡಿಯೋ ರೆಂಡರಿಂಗ್‌ನಂಥ ಕೆಲಸದಲ್ಲಿ ವ್ಯತ್ಯಾಸ ಜೋರಾಗಿಯೇ ಇರುತ್ತದೆ. ಒಂದೇ ಕೋರ್ ಬಳಸುವ ಕೆಲಸದಲ್ಲಿ ಗೊತ್ತಾಗುವುದು ಕಷ್ಟ. ಸೆಕೆಂಡ್‌ಹ್ಯಾಂಡ್‌ನಲ್ಲಿ ಈ ಚಿಪ್ ಅಗ್ಗ, ಹಾಗಾಗಿ ಇನ್ನೆರಡು ವರ್ಷ ತಳ್ಳಬೇಕು ಎನ್ನುವವರಿಗೆ ಅಡ್ಡಿಯಿಲ್ಲ. ಮೂರನೇ ಜನರೇಷನ್‌ಗೆ ಬಯಾಸ್ ಅಪ್‌ಡೇಟ್ ಬೇಕಾ ಎಂದು ಮೊದಲು ನೋಡಿಕೊಳ್ಳಿ.

ಐ5-3470 ಇದ್ದವರು ಐ7-3770 ಹಾಕಿಸುವುದು ನನಗೆ ಒಪ್ಪಿಗೆಯಿಲ್ಲ. ಎರಡರಲ್ಲೂ ನಾಲ್ಕೇ ಕೋರ್. ಹೈಪರ್ ಥ್ರೆಡಿಂಗ್ (ಒಂದು ಕೋರ್‌ನಲ್ಲಿ ಎರಡು ಥ್ರೆಡ್) ಮತ್ತು ಸ್ವಲ್ಪ ವೇಗ ಬಿಟ್ಟರೆ ಹೊಸದೇನಿಲ್ಲ. ಐ5-6500ರಿಂದ ಐ7-7700ಕ್ಕೆ ಹೋಗುವುದೂ ಇದೇ ಜಾತಿ. ಆ ಸಾಕೆಟ್‌ನ ಮೇಲ್ತುದಿಯ ಚಿಪ್ ಎಂಬ ಕಾರಣಕ್ಕೆ ಹಳೆಯ ಐ7ಗಳಿಗೆ ಜನ ಜಾಸ್ತಿ ದುಡ್ಡು ಕೇಳುತ್ತಾರೆ.

ರೈಜೆನ್ 5 1600 ಮತ್ತು 5600, ಎರಡರಲ್ಲೂ ಆರು ಕೋರ್, ಹನ್ನೆರಡು ಥ್ರೆಡ್. ಕಾಗದದ ಮೇಲೆ ಒಂದೇ ಥರ ಕಂಡರೂ 5600ರ ಒಂದೊಂದು ಕೋರೂ ಒಂದೂವರೆ ಪಟ್ಟಿಗಿಂತ ವೇಗ. ಇಂಥ ಜಿಗಿತ ಪ್ರತಿ ಕ್ಲಿಕ್ಕಿನಲ್ಲೂ ಗೊತ್ತಾಗುತ್ತದೆ.

ಪ್ರೊಸೆಸರ್ ವೇಗ ಅಳೆಯುವ ಸಿನಿಬೆಂಚ್, ಗೀಕ್‌ಬೆಂಚ್, ಪಾಸ್‌ಮಾರ್ಕ್ ಅಂಕಗಳಲ್ಲಿ ಒಂದು ಕೋರಿನದ್ದು, ಎಲ್ಲ ಕೋರಿನದ್ದು ಎಂದು ಎರಡು ಇರುತ್ತವೆ. ಎರಡನೇ ಹೆಜ್ಜೆಯಲ್ಲಿ ನಿಮಗೆ ಯಾವುದು ಬೇಕು ಎಂದು ಗೊತ್ತಾಗಿದೆಯಲ್ಲ, ಅದನ್ನು ಮಾತ್ರ ಹೋಲಿಸಿ. ಆಮೇಲೆ ಅದನ್ನು ನಿಮ್ಮ ಚೀಟಿಗೆ ಇಳಿಸಿ. ಉದಾಹರಣೆಗೆ, ಹತ್ತು ನಿಮಿಷದ ಕೆಲಸದಲ್ಲಿ ಆರು ನಿಮಿಷ ಸಿಪಿಯು ಪೂರ್ತಿ ತುಂಬಿರುತ್ತದೆ, ಉಳಿದ ನಾಲ್ಕು ನಿಮಿಷ ಡಿಸ್ಕ್, ರ‍್ಯಾಮ್, ಬೇರೆ ಕಾಯುವಿಕೆ ಎಂದುಕೊಳ್ಳಿ. ಪ್ರೊಸೆಸರ್ ಒಂದೂವರೆ ಪಟ್ಟು ವೇಗವಾದರೆ ಆರು ನಿಮಿಷ ನಾಲ್ಕಾಗುತ್ತದೆ. ಒಟ್ಟು ಎಂಟು ನಿಮಿಷ. "50% ಫಾಸ್ಟ್" ಎಂದು ಕೊಂಡದ್ದರಿಂದ ನಿಮಗೆ ಉಳಿದದ್ದು 20% ಸಮಯ. ದಿನಕ್ಕೆ ಇಪ್ಪತ್ತು ಸಲ ಆ ಕೆಲಸ ಮಾಡುವ ಸ್ಟುಡಿಯೋಗೆ ಇದು ನಲವತ್ತು ನಿಮಿಷ, ಖಂಡಿತ ಬೆಲೆಯುಳ್ಳದ್ದು. ವಾರಕ್ಕೊಮ್ಮೆ ಮಾಡುವವರಿಗೆ ಏನೂ ಅಲ್ಲ.

ನಾನು ಇಟ್ಟುಕೊಂಡ ಅಳತೆ ಇಷ್ಟು: ನಿಮಗೆ ಬೇಕಾದ ಅಂಕ ಕನಿಷ್ಠ ಒಂದೂವರೆ ಪಟ್ಟು ಆಗದಿದ್ದರೆ ಪ್ರೊಸೆಸರ್ ಮುಟ್ಟುವುದು ಬೇಡ.

7. ಪ್ರೊಸೆಸರ್ ಜೊತೆ ಬರುವ ಖರ್ಚುಗಳು

ಇಂಟೆಲ್ ಹೆಸರಿನ ಕೊನೆಯಲ್ಲಿ ಎಫ್ ಇದ್ದರೆ, ಉದಾಹರಣೆಗೆ ಐ5-10400ಎಫ್, ಒಳಗೆ ಗ್ರಾಫಿಕ್ಸ್ ಇಲ್ಲ. ಎಎಂ4 ರೈಜೆನ್‌ಗಳಲ್ಲಿ ಹೆಸರಿನಲ್ಲಿ ಜಿ ಇರುವ ಚಿಪ್‌ಗಳಿಗೆ ಗ್ರಾಫಿಕ್ಸ್ ಇದೆ, ಇಲ್ಲದವಕ್ಕೆ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ 5600 ಹಾಕಿದರೆ ಮಾನಿಟರ್‌ನಲ್ಲಿ ಏನೂ ಬರುವುದಿಲ್ಲ. ಅಂಥವರು 5600ಜಿ ನೋಡಬೇಕು. ಅಗ್ಗಕ್ಕೆ ಸಿಗುವ ಇಂಟೆಲ್ ಸರ್ವರ್ ಚಿಪ್ ಕ್ಸಿಯಾನ್ ಇ3-1230 ವಿ2 ಕೂಡ ಗ್ರಾಫಿಕ್ಸ್ ಇಲ್ಲದ ಚಿಪ್ಪೇ.

ಟಿಡಿಪಿ ವ್ಯಾಟ್, ಅಂದರೆ ಪ್ರೊಸೆಸರ್ ಎಷ್ಟು ಬಿಸಿ ಹೊರಹಾಕುತ್ತದೆ ಎಂಬ ಅಂಕಿ, ನೋಡಿ. 65 ವ್ಯಾಟ್ ಜಾಗಕ್ಕೆ 65 ವ್ಯಾಟ್‌ನದ್ದೇ ಬಂದರೆ ಹಳೆಯ ಕೂಲರ್ ನಡೆಯುತ್ತದೆ. 95, 105 ವ್ಯಾಟ್‌ಗೆ ಹೋದರೆ ಕೂಲರ್ ಬೇರೆ ಬೇಕು. ಬೋರ್ಡ್‌ನಲ್ಲಿ ಪ್ರೊಸೆಸರ್‌ಗೆ ವಿದ್ಯುತ್ ಕೊಡುವ ಭಾಗದ ಮೇಲೆ ಹೀಟ್‌ಸಿಂಕ್ ಕೂಡ ಇಲ್ಲದ ಅಗ್ಗದ ಬೋರ್ಡ್ ಆದರೆ ಅಷ್ಟು ದೊಡ್ಡ ಚಿಪ್ ಆಸೆ ಬಿಡಿ. ಹತ್ತು ವರ್ಷದ ಹಳೆಯ ಲೋಕಲ್ ಎಸ್‌ಎಂಪಿಎಸ್ ಇದ್ದರೆ, ಅದರ ಮೇಲೆ 450 ವ್ಯಾಟ್ ಎಂದು ಬರೆದಿದ್ದರೂ, ಹೊಸ ಚಿಪ್ಪಿನ ಖರ್ಚಿನಲ್ಲಿ ಒಳ್ಳೆಯ ಎಸ್‌ಎಂಪಿಎಸ್ ಖರ್ಚನ್ನೂ ಸೇರಿಸಿಬಿಡಿ.

ಈಗ ಎರಡು ಮೊತ್ತ ಬರೆಯಿರಿ. ಒಂದರಲ್ಲಿ ಪ್ರೊಸೆಸರ್, ಕೂಲರ್, ಪೇಸ್ಟ್, ಎಸ್‌ಎಂಪಿಎಸ್, ಅಂಗಡಿಯವರ ಕೂಲಿ. ಇನ್ನೊಂದರಲ್ಲಿ ಹೊಸ ಪ್ರೊಸೆಸರ್, ಹೊಸ ಬೋರ್ಡ್, ಹೊಸ ರ‍್ಯಾಮ್. ಮೊದಲನೆಯದು ಎರಡನೆಯದರ ಅರ್ಧ ದಾಟಿದರೆ ಹಳೆಯ ಬೋರ್ಡನ್ನು ಬಿಟ್ಟುಬಿಡಿ. ಒಂದು ವಿಷಯ ಮಾತ್ರ ಗಮನದಲ್ಲಿರಲಿ, 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತು. ಎಎಂ5ನಂಥ ಹೊಸ ಸಾಕೆಟ್‌ಗೆ ಡಿಡಿಆರ್5 (ಡಿಡಿಆರ್4ರ ನಂತರದ ಬಗೆಯ ರ‍್ಯಾಮ್) ಬೇಕೇ ಬೇಕು. ಕೈಯಲ್ಲಿ 16 ಜಿಬಿ ಡಿಡಿಆರ್4 ಇದ್ದರೆ ಅದು ಉಳಿಯುವ ದಾರಿಯನ್ನೇ ಮೊದಲು ಹುಡುಕಿ. ಎಎಂ4ನಲ್ಲೇ ಮುಂದುವರಿಯಬಹುದು, ಇಲ್ಲವೇ ಡಿಡಿಆರ್4 ಹಾಕುವ 1700 ಬೋರ್ಡ್ ಮತ್ತು ಐ3-12100 ತರಬಹುದು.

ಡಿಟಿಪಿಯವರಿಗೆ ಇನ್ನೊಂದು ಲೆಕ್ಕ ಇದೆ. ಬೋರ್ಡ್ ಬದಲಿಸಿದರೆ ವಿಂಡೋಸ್ ಲೈಸೆನ್ಸ್ ಕೈಕೊಡಬಹುದು. ಡಾಂಗಲ್ (ಲೈಸೆನ್ಸ್ ಇರುವ ಪುಟ್ಟ ಕಡ್ಡಿ) ಹಾಕಿ ಓಡಿಸುವ ಹಳೆಯ ಕನ್ನಡ ತಂತ್ರಾಂಶ, ಯಂತ್ರಕ್ಕೆ ಕಟ್ಟಿಹಾಕಿದ ಲೈಸೆನ್ಸ್‌ಗಳು ಹೊಸ ವಿಂಡೋಸ್‌ನಲ್ಲಿ ಏಳದೆ ಇರಬಹುದು. ಪ್ರೊಸೆಸರ್ ಮಾತ್ರ ಬದಲಿಸಿದರೆ ಇವಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ. ಇದೇ ಕಾರಣಕ್ಕೆ ಹಳೆಯ ಬೋರ್ಡ್ ಉಳಿಸಿಕೊಳ್ಳುವುದು ಕೆಲವರಿಗೆ ನಿಜಕ್ಕೂ ಲಾಭ.

8. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ

ಹಳೆಯ ಇಂಟೆಲ್ ಸಾಕೆಟ್‌ಗಳಿಗೆ ಹೊಸ ಚಿಪ್ ಸಿಗುವುದು ಕಷ್ಟ. ಬೆಂಗಳೂರಿನವರು ಎಸ್‌ಪಿ ರೋಡ್ ಸುತ್ತುತ್ತಾರೆ, ಬೇರೆ ಊರಿನವರು ಆನ್‌ಲೈನ್ ನೋಡುತ್ತಾರೆ. ಪ್ರೊಸೆಸರ್ ಅಷ್ಟು ಸುಲಭವಾಗಿ ಹಾಳಾಗುವ ವಸ್ತುವಲ್ಲ, ಹಾಗಾಗಿ ಹಳೆಯದಕ್ಕೆ ಹೆದರಬೇಕಿಲ್ಲ. ನೋಡಿ ಕೊಳ್ಳಬೇಕು, ಅಷ್ಟೇ.

ಅಂಗಡಿಯಲ್ಲೇ ಬೋರ್ಡ್‌ಗೆ ಹಾಕಿಸಿ, ಸಿಪಿಯು-ಝಡ್‌ನಲ್ಲಿ ಹೆಸರು ತೋರಿಸಲು ಹೇಳಿ. ಮುಚ್ಚಳದ ಮೇಲಿನ ಅಕ್ಷರ ಮತ್ತು ಪರದೆಯ ಮೇಲಿನ ಹೆಸರು ಒಂದೇ ಇರಬೇಕು. ಮುಚ್ಚಳದ ಮೇಲೆ ಇಂಟೆಲ್ ಕಾನ್ಫಿಡೆನ್ಷಿಯಲ್ ಎಂದಿದ್ದರೆ ಅದು ಪರೀಕ್ಷೆಗೆಂದು ಮಾಡಿದ ಚಿಪ್, ಬೇಡ. ಎಎಂ4 ಚಿಪ್ ಆದರೆ ತಿರುಗಿಸಿ ಪಿನ್‌ಗಳ ಸಾಲನ್ನು ಓರೆಯಾಗಿ ಬೆಳಕಿಗೆ ಹಿಡಿಯಿರಿ. ಒಂದು ಪಿನ್ ಬಾಗಿದ್ದರೂ ಸಾಲು ಕೆಟ್ಟಂತೆ ಕಾಣುತ್ತದೆ. ಆಫೀಸುಗಳ ಬ್ರ್ಯಾಂಡೆಡ್ ಡಬ್ಬಿಗಳಿಂದ ತೆಗೆದ ರೈಜೆನ್ ಪ್ರೊ ಚಿಪ್‌ಗಳಲ್ಲಿ ಕೆಲವು ಆ ಕಂಪನಿಯ ಬೋರ್ಡ್‌ಗೇ ಲಾಕ್ ಆಗಿರುತ್ತವೆ, ಬೇರೆ ಬೋರ್ಡ್‌ನಲ್ಲಿ ಏಳುವುದಿಲ್ಲ. ಬದಲಿಸಿ ಕೊಡುವ ಗಡುವನ್ನು ಬಿಲ್ ಮೇಲೆ ಬರೆಸಿಕೊಳ್ಳಿ.

9. ಹಾಕುವ ದಿನ

ಬ್ಯಾಕಪ್ ಮಾಡಿ. ಬಿಟ್‌ಲಾಕರ್ (ಡ್ರೈವ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಂಡು ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿ. ರೈಜೆನ್‌ನಲ್ಲಿ ಎಫ್‌ಟಿಪಿಎಂ ಇರುವುದು ಪ್ರೊಸೆಸರ್ ಒಳಗೇ, ಚಿಪ್ ಬದಲಾದಾಗ ಬೀಗದ ಕೈ ಹೋದಂತಾಗುತ್ತದೆ. ಕೀ ಇಲ್ಲದಿದ್ದರೆ ಡ್ರೈವ್ ತೆರೆಯುವುದಿಲ್ಲ.

ಬಯಾಸ್ ಅಪ್‌ಡೇಟ್ ಹಳೆಯ ಪ್ರೊಸೆಸರ್ ಇರುವಾಗಲೇ ಮುಗಿಸಿ. ಯುಪಿಎಸ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ, ನಡುವೆ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು.

ಎಎಂ4 ಕೂಲರ್ ತೆಗೆಯುವ ಮೊದಲು ಕಂಪ್ಯೂಟರನ್ನು ಹತ್ತು ಹದಿನೈದು ನಿಮಿಷ ಭಾರಿ ಕೆಲಸಕ್ಕೆ ಹಚ್ಚಿ ಬಿಸಿ ಮಾಡಿ. ಆಮೇಲೆ ಆಫ್ ಮಾಡಿ, ವೈರ್ ಕಿತ್ತು, ಕೂಲರಿನ ಕ್ಲಿಪ್ ಅಥವಾ ಸ್ಕ್ರೂ ಬಿಡಿಸಿ. ನೇರವಾಗಿ ಮೇಲೆ ಎಳೆಯಬೇಡಿ. ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚುತ್ತಾ ಬನ್ನಿ, ಪೇಸ್ಟ್ ಬಿಟ್ಟುಕೊಂಡದ್ದು ಕೈಗೇ ಗೊತ್ತಾಗುತ್ತದೆ. ಒಣಗಿದ ಪೇಸ್ಟ್ ಇರುವಾಗ ಜಗ್ಗಿದರೆ ಲಿವರ್ ಹಾಕಿದ್ದರೂ ಪ್ರೊಸೆಸರ್ ಕೂಲರ್‌ಗೆ ಅಂಟಿಕೊಂಡೇ ಮೇಲೆ ಬರುತ್ತದೆ, ಪಿನ್‌ಗಳು ಬಾಗುತ್ತವೆ. ಇಂಟೆಲ್‌ನಲ್ಲಿ ಪಿನ್ ಇರುವುದು ಬೋರ್ಡ್‌ನ ಸಾಕೆಟ್‌ನಲ್ಲಿ. ಅಲ್ಲಿ ಬೆರಳಾಗಲಿ ಬಟ್ಟೆಯಾಗಲಿ ತಾಗಬಾರದು.

ಚಿಪ್‌ನ ಮೂಲೆಯ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಹೊಂದಿಸಿ ಸುಮ್ನೆ ಇಳಿಸಿ, ಒತ್ತಬೇಡಿ. ಮಧ್ಯದಲ್ಲಿ ಬಟಾಣಿಯಷ್ಟು ಪೇಸ್ಟ್. ಕೂಲರ್ ಸ್ಕ್ರೂಗಳನ್ನು ಎದುರುಬದುರು ಮೂಲೆಯಂತೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಫ್ಯಾನ್ ವೈರನ್ನು ಸಿಪಿಯು ಫ್ಯಾನ್ ಎಂದು ಬರೆದ ಕಡೆಯೇ ಹಾಕಿ. ಬೋರ್ಡ್‌ನ ನಾಣ್ಯದಂಥ ಸಿಆರ್2032 ಬ್ಯಾಟರಿ ಹಳೆಯದಾಗಿದ್ದರೆ ಇದೇ ಹೊತ್ತಿನಲ್ಲಿ ಬದಲಿಸಿ.

ಮೊದಲ ಸಲ ಆನ್ ಮಾಡಿದಾಗ ಪರದೆ ಬರಲು ತಡವಾಗಬಹುದು, ಒಂದೆರಡು ಸಲ ತಾನೇ ಆಫ್ ಆಗಿ ಆನ್ ಆಗಬಹುದು. ಗಾಬರಿ ಬೇಡ. ಬಯಾಸ್‌ಗೆ ಹೋಗಿ ಪ್ರೊಸೆಸರ್ ಹೆಸರು, ರ‍್ಯಾಮ್ ಮೊತ್ತ, ರ‍್ಯಾಮ್ ವೇಗ, ತಾಪಮಾನ ನೋಡಿ. ರ‍್ಯಾಮ್‌ನ ಎಕ್ಸ್‌ಎಂಪಿ ಸೆಟ್ಟಿಂಗ್ (ಕಡ್ಡಿಯ ಪೂರ್ತಿ ವೇಗ ಕೊಡುವುದು) ಆಫ್ ಆಗಿರಬಹುದು, ಮತ್ತೆ ಆನ್ ಮಾಡಿ. ವಿಂಡೋಸ್ ಬಂದ ಮೇಲೆ ಅರ್ಧ ಗಂಟೆ ಭಾರಿ ಕೆಲಸ ಕೊಟ್ಟು ಬಿಸಿ 85 ಡಿಗ್ರಿ ದಾಟದಂತೆ ಇದೆಯಾ ಪರೀಕ್ಷಿಸಿ. ದಾಟಿದರೆ ಕೂಲರ್ ಸರಿಯಾಗಿ ಕೂತಿದೆಯಾ ಎಂದು ಮತ್ತೆ ಬಿಚ್ಚಿ ನೋಡಿ.

ಆಮೇಲೆ ಚೀಟಿ ತೆಗೆದು ಅವೇ ಕೆಲಸಗಳನ್ನು ಅವೇ ಫೈಲ್‌ಗಳಲ್ಲಿ ಮಾಡಿ ಸಮಯ ಬರೆಯಿರಿ. ಲೆಕ್ಕ ಹಾಕಿದ್ದಕ್ಕಿಂತ ಬಹಳ ಕಡಿಮೆ ಲಾಭ ಬಂದಿದ್ದರೆ ಪವರ್ ಪ್ಲಾನ್, ರ‍್ಯಾಮ್ ವೇಗ, ಬಿಸಿ ಈ ಮೂರನ್ನು ನೋಡಿ. ಅಂಗಡಿಯ ಗಡುವು ಮುಗಿಯುವವರೆಗೆ ಹಳೆಯ ಪ್ರೊಸೆಸರ್ ಮಾರಬೇಡಿ. ಹೊಸದು ವಾಪಸ್ ಕೊಡಬೇಕಾಗಿ ಬಂದರೆ ಅದನ್ನೇ ಮತ್ತೆ ಕೂರಿಸಿ ಕೆಲಸ ಮುಂದುವರಿಸಬಹುದು.